ಹಿತ್ತಲ ಡ್ರಮ್ಮು ಮಾಡಿದ ಕೆಲಸ

ಇವತ್ತು ಮುಂಜಾನೆ ಹಿತ್ತಲಿಗೆ ಹೋದವಳ ಕಣ್ಣಿಗೆ ಮೊದಲು ಬಿದ್ದದ್ದು ಗೋಬರ್ ಗ್ಯಾಸಿನ ಡ್ರಮ್ಮಿನ ಮೇಲಿನ ಸುಣ್ಣದ ಗೆರೆ. ಒಬ್ಬಳೇ ನಕ್ಕೆ. ಮುದುಕಿಗೆ ಮಳ್ಳು ಹಿಡಿಯಿತು ಅನ್ನಬ್ಯಾಡ್ರಿ, ಯಾಕಂತ ಹೇಳತೀನಿ.

ರನ್ನ ಬೆಳಗಲಿಯ ನಮ್ಮ ಮನಿಯಾಗ ಈ ಡ್ರಮ್ಮು ಕೂಡ್ರಿಸಿ ಎಷ್ಟೋ ವರ್ಷವಾದವು. ಹೆಂಡಿ ಕಲಸಿ ಸುರಿಯುವ ಗುಂಡಿಯ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಗ್ಯಾಸು ತುಂಬಿದಂತೆ ಮೇಲೇಳುತ್ತದೆ, ಒಲಿ ಉರಿದಂತೆ ಇಳಿಯುತ್ತದೆ. ದಿನಾ ಸಂಜಿಗೆ ಅಡಗಿ ಮುಗಿದ ಮೇಲೆ ಗುಂಡಿಯ ಕಟ್ಟೆಗೆ ಸರಿಯಾಗಿ ಡ್ರಮ್ಮಿನ ಮೇಲೊಂದು ಗೆರೆ ಎಳೆಯುವುದು ನನ್ನ ರೂಢಿ. ಮುಂಜಾನೆ ಗೆರೆ ಎಷ್ಟು ಏರಿದೆ ನೋಡಿ, ಎಷ್ಟು ರೊಟ್ಟಿ ಆಗತಾವ ಅಂತ ಹೇಳಿಬಿಡುತ್ತಿದ್ದೆ. ಮೂರನೇ ಕ್ಲಾಸಿನ ತನಕ ಸಾಲಿ ಕಲಿತವಳಿಗೆ ಬರುತ್ತಿದ್ದ ಲೆಕ್ಕ ಅದೊಂದೇ.

ಈ ಬ್ಯಾಸಗಿಯಾಗ ಮೊಮ್ಮಗಳು ಭಾಗ್ಯಾ ಮುಧೋಳದ ಕಾಲೇಜಿನಾಗ ಫಿಜಿಕ್ಸಿಗೆ ನಪಾಸಾದಳು. "ಮರುಪರೀಕ್ಷಾದಾಗೂ ಹಿಂಗಾದ್ರ ಕಾಲೇಜು ಸಾಕು," ಅಂದುಬಿಟ್ಟ ನನ್ನ ಮಗ. ಹುಡುಗಿ ಗುಂಡಿಯ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಅಳುತ್ತ ಕೂತಿದ್ದಳು.

"ಏನಾತು?"

"ಗ್ಯಾಸು ಮಾಡಿದ ಕೆಲಸದ ಲೆಕ್ಕ, ಆಯಿ. ಒತ್ತಡ ಬದಲಾಗಂಗಿಲ್ಲಂತ. ಗ್ಯಾಸು ಹೆಚ್ಚಾದ್ರ ಒತ್ತಡಾನೂ ಹೆಚ್ಚಾಗಬೇಕಲ್ಲ ಬೇ?"

"ಹುಚ್ಚಿ, ಡ್ರಮ್ಮು ಎದ್ದಾಗೂ ಉರಿ ಅಷ್ಟ, ಇಳಿದಾಗೂ ಅಷ್ಟ. ಮ್ಯಾಲೆ ಕುಂತ ಡ್ರಮ್ಮಿನ ಭಾರ ಎಂದರ ಬದಲಾಗೇತೇನು?"

ಹುಡುಗಿ ಕಣ್ಣೊರೆಸಿಕೊಂಡು ಡ್ರಮ್ಮು ನೋಡಿದಳು.

"ಹಂಗಾರ ಒತ್ತಡಾನ ಒಳಗಿರೋ ಅಷ್ಟೂ ಗ್ಯಾಸಿನ ಗಾತ್ರಕ್ಕ ಗುಣಿಸೋದಲ್ಲ?"

"ನಿನ್ನಿ ಉಳಿದದ್ದನ್ನ ಯಾಕ ಹಿಡೀತಿ? ನಾ ಏರಿದ್ದಷ್ಟ ಹಿಡೀತೀನಿ ನೋಡು."

ಹಣಿ ಬಡಕೊಂಡಳು. ಪರೀಕ್ಷೆಯಲ್ಲಿ ಮಾಡಿದ ತಪ್ಪು ಅದೇ ಅಂತ! ನನ್ನ ಸುಣ್ಣ ಕಸಿದುಕೊಂಡು ಕಟ್ಟೆಯ ಮೇಲೆ ಬರೆದಳು: ಕೆಲಸ ಅಂದ್ರ ಒತ್ತಡ ಗುಣಿಲೆ ಹೆಚ್ಚಿದ ಗಾತ್ರ.

"ಪುಸ್ತಕದಾಗ ಇರೋದು ಆದರ್ಶ ಅನಿಲ, ಆಯಿ."

"ನಮ್ಮದು ಹೆಂಡಿಯಾಗಿಂದು. ಬಡವರ ಗ್ಯಾಸು, ಸುಧಾರಿಸಿಕೋ."

ನಿನ್ನೆ ಮರುಪರೀಕ್ಷೆಯ ಫಲಿತಾಂಶ ಬಂತು. ಪಾಸು! "ಆ ಲೆಕ್ಕಾನ ಬಂದಿತ್ತು ಬೇ, ಪೂರಾ ಬಿಡಿಸಿದ್ದೆ!" ಅಂತ ನನ್ನ ಎತ್ತಿ ತಿರುಗಿಸಿಬಿಟ್ಟಳು. ಪೇಢೆ ತಂದ ಮಗ, "ಕಲೀಲಿ ಬಿಡವ್ವಾ, ಎಷ್ಟು ಕಲೀತಾಳ ಕಲೀಲಿ," ಅಂದ. ನಾನು ಪೇಢೆ ಹಿಡಿದು ಓಣಿಯೆಲ್ಲ ಸುತ್ತಿದೆ. ಭಾಗ್ಯಾ ಪಾಸಾದಳು ಅನ್ನಬೇಕಾದ ಬಾಯಿ, "ನಮ್ಮ ಡ್ರಮ್ಮು ಪಾಸಾತ್ರೀ!" ಅಂತಿತ್ತು.

ಇವತ್ತು ಗೆರೆ ಕಟ್ಟೆಯಿಂದ ಒಂದು ಗೇಣು ಮೇಲಿತ್ತು. ಅಷ್ಟು ಭಾರದ ಕಬ್ಬಿಣವನ್ನು ಸದ್ದಿಲ್ಲದೆ ಎತ್ತಿ ನಿಲ್ಲಿಸಿತ್ತು ಗ್ಯಾಸು. ಇಷ್ಟು ವರ್ಷ ನನಗದು ಕಂಡೇ ಇರಲಿಲ್ಲ.

"ಭಾಗ್ಯಾ, ಟೇಪು ತಗೊಂಡ ಬಾ! ನಮ್ಮ ಡ್ರಮ್ಮಿನ ಗ್ಯಾಸು ಎಷ್ಟು ಕೆಲಸ ಮಾಡೇತಿ ನೋಡೂಣು."

"ರೊಟ್ಟಿ ಎಷ್ಟಾಗತಾವ, ಆಯಿ?"

"ರೊಟ್ಟಿ ಆಮ್ಯಾಲೆ. ಮೊದಲ ಲೆಕ್ಕ!"