ಮುಕಾದಮನ ಮೀಸೆಯೂ ಶಂಕ್ರೆವ್ವನ ಚಿಮಟವೂ

ದಾಂಡೇಲಿಯ ಕಾಗದದ ಗಿರಣಿಗೆ ಬಿದಿರು ಕಡಿಯುವವರ ಓಣಿಯಲ್ಲಿ, ಸಾವಿರದ ಒಂಬೈನೂರ ಅರವತ್ತೆರಡರ ಸುಮಾರಿಗೆ, ಶಂಕ್ರೆವ್ವ ಎಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ತೆಗೆಯುವ ಶಂಕ್ರೆವ್ವ. ಧಾರವಾಡದ ಕಡೆಯ ಹೆಣ್ಣುಮಗಳು. ಮೊದಲು ಸಾಕಿದ ನಾಯಿಯ ಕಿವಿಯಲ್ಲಿ ಕೈ ಪಳಗಿಸಿಕೊಂಡಳು, ಆಮೇಲೆ ಗಂಡನ ಕಾಲಲ್ಲಿ. ಕಾಡಿನಿಂದ ಬಂದು ಲಾರಿ ಇಳಿದವರು ನೆಟ್ಟಗೆ ಅವಳ ಕಟ್ಟೆಗೇ ಬಂದು ಅಂಗಿ ಬಿಚ್ಚುತ್ತಿದ್ದರು.

ಇದನ್ನು ಕಂಡರಾಗದವನು ಆಳುಗಳನ್ನು ದುಡಿಸುವ ಮುಕಾದಮ ಪರಸಪ್ಪ ಒಬ್ಬನೇ. "ನಾಯಿ ಉಣ್ಣಿ ತಗಿಯಾಕಿ ಕಡೆ ಗಂಡಸರು ಹೋಗ್ತಾರೇನ್ರೋ? ಬೀಡಿಲೆ ಚುರ್ ಅನಸ್ರಿ, ತಾನ ಬೀಳತೈತಿ" ಎಂದು ಎಲ್ಲರನ್ನೂ ತಡೆದುಬಿಟ್ಟ. ಅವನ ಮಾತು ಕೇಳಿ ಸೋಮಪ್ಪ ತೊಡೆ ಸುಟ್ಟುಕೊಂಡ. ಉಣ್ಣೆಯ ಬಾಯಿ ಒಳಗೇ ಉಳಿದು ಕೀವಾಯಿತು. ಶಂಕ್ರೆವ್ವನಿಗೆ ಸಿಟ್ಟು ಬಂತು. ಆದರೆ ಹೇಳಿದರೆ ಕೇಳುವ ಆಸಾಮಿಯೇ ಅವನು?

ಒಂದು ಸಂಜೆ ಅದೇ ಪರಸಪ್ಪ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಅವಳ ಮನೆಯೊಳಗೆ ನುಸುಳಿದ. ಟವೆಲ್ ಸರಿಸಿದರೆ, ಅಯ್ಯ ಶಿವನೇ, ಆ ಹುರಿ ಮೀಸೆಯ ಬುಡದಲ್ಲೇ ಉಣ್ಣೆ ಕಚ್ಚಿ ಕೂತಿದೆ! ಮರುದಿನ ಹಳಿಯಾಳದಲ್ಲಿ ಮಗಳ ನಿಶ್ಚಯ. ಬೀಡಿ ತಾಗಿಸಿದರೆ ಮೀಸೆಯೇ ಹೋಯಿತು. ಅರೆಸುಟ್ಟ ಮೂತಿ ಹೊತ್ತು ಬೀಗರ ಮುಂದೆ ಕೂರುವುದು ಹೇಗೆ?

"ಯಾಕ್ರೀ ಮುಕಾದಮರ, ಬೀಡಿ ತೀರ್‍ಯಾವೇನು?"

"ತಪ್ಪಾತವ್ವಾ. ಹೆಂಗರ ಮಾಡಿ ಮೀಸಿ ಉಳಸು. ಚಿಮಣಿ ಎಣ್ಣಿ ಹಚ್ಚಲೇನ?"

"ಅದನ್ನ ಆಮ್ಯಾಲ ಉಣ್ಣಿಗೆ ಕುಡಸೂಣು, ನಿಮಗ ಬ್ಯಾಡ. ಸುಮ್ನ ಕುಂದರ್ರಿ. ನನ್ನ ನಾಯಿ ಸೈತ ಇಷ್ಟು ಅಳ್ಳಾಡೂದಿಲ್ಲ."

ಮುಳ್ಳು ತೆಗೆಯುವ ಚಿಮಟವನ್ನು ಕುದಿನೀರಲ್ಲಿ ಅದ್ದಿದಳು. ಕೂದಲು ಸರಿಸಿ, ಹೊಟ್ಟೆ ಹಿಚುಕದ ಹಾಗೆ, ಚರ್ಮಕ್ಕೆ ಹತ್ತಿಕೊಂಡಿದ್ದ ಉಣ್ಣೆಯ ತಲೆಯನ್ನೇ ಹಿಡಿದಳು. ತಿರುಚಲಿಲ್ಲ, ಜಗ್ಗಾಡಲಿಲ್ಲ, ಮೆಲ್ಲಗೆ ನೆಟ್ಟಗೆ ಎಳೆದಳು. ಬಾಯಿಸಮೇತ ಬಂತು. ಗಾಯಕ್ಕೆ ಸೋಪು ಹಚ್ಚಿ ತೊಳೆದು, ಉಣ್ಣೆಯನ್ನು ಸೀಮೆಎಣ್ಣೆ ಬಾಟಲಿಗೆ ಹಾಕಿದಳು. "ಜ್ವರ ಬಂದ್ರ ಮಾತ್ರ ದವಾಖಾನಿಗೆ ಹೋಗ್ರಿ, ಉಡಾಫಿ ಮಾಡಬ್ಯಾಡ್ರಿ."

ಪರಸಪ್ಪ ಕನ್ನಡಿ ನೋಡಿಕೊಂಡ. ಒಂದು ಕೂದಲೂ ಹೋಗಿಲ್ಲ. ಪಾಪ, ಕಣ್ಣಲ್ಲಿ ನೀರೇ ಬಂತು. ಬಾಗಿಲು ತೆರೆದರೆ, ಅವನು ಒಳಗೆ ಹೋದದ್ದನ್ನು ಕಂಡ ಆಳುಗಳೆಲ್ಲ ನಗು ತಡೆದುಕೊಂಡು ಅಂಗಳದಲ್ಲಿ ನಿಂತಿದ್ದಾರೆ! ಇನ್ನು ಮಾನ ಉಳಿಸಿಕೊಳ್ಳಲು ತನ್ನನ್ನೇ ಬೈಯುತ್ತಾನೆ ಎಂದುಕೊಂಡಳು ಶಂಕ್ರೆವ್ವ.

"ಏನ್ ಕಿಸೀತೀರೋ?" ಪರಸಪ್ಪ ಗುಡುಗಿದ. "ಆಕಿ ಒಬ್ಬಾಕಿ, ನೀವು ಇಪ್ಪತ್ತು ಮಂದಿ. ಸಾಲಾಗಿ ಕುಂದರ್ರಿ, ಯಾರಿಗೆ ಎಲ್ಲಿ ಕಚ್ಚೈತಿ ತೋರಸ್ರಿ!"