ಕರೆಂಟು ಹತ್ತಿದ ಕೈ

ನನ್ನ ತಲೆಯೊಳಗಿನ ಗಂಟು ಕಡಲೆಕಾಳಿನಷ್ಟಿತ್ತು, ಕಿವಿಯ ನರಕ್ಕೆ ಅಂಟಿಕೊಂಡಿತ್ತು. ದೂರದೂರಿನ ದೊಡ್ಡಾಸ್ಪತ್ರೆಯಲ್ಲಿ ತಲೆ ಅಲುಗದಂತೆ ಲೋಹದ ಚೌಕಟ್ಟು ಬಿಗಿದು, ನಮ್ಮ ಕಡೆ ಕರೆಂಟು ಕೊಡುವುದು ಎನ್ನುತ್ತಾರಲ್ಲ, ಆ ಕಿರಣಗಳೆಲ್ಲ ಗಂಟೊಂದರ ಮೇಲೇ ಬೀಳುವಂತೆ ಗುರಿಯಿಟ್ಟರು. ಯಂತ್ರ ನಿಂತ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲವೆಂದು ಡಾಕ್ಟರು ನನಗೂ ಗಂಡನಿಗೂ ಎರಡೆರಡು ಸಲ ಹೇಳಿ ಕಳಿಸಿದರು.

ಲಕ್ಷ್ಮೇಶ್ವರಕ್ಕೆ ಮರಳಿದಾಗ ಮನೆಯಲ್ಲಿ ನೆಲಕ್ಕೆ ದಸ್ತರಖಾನ್ ಬಟ್ಟೆ ಹಾಸಿ ಊಟಕ್ಕೆ ಕೂತಿದ್ದರು. ನಮ್ಮದು ಒಂದೇ ದೊಡ್ಡ ತಾಟಿನ ಸುತ್ತ ಕೂತು ಉಣ್ಣುವ ಮನೆ. ಆವತ್ತು ನನ್ನೆದುರು ಮಾತ್ರ ಬೇರೆ ತಾಟು ಬಂತು.

"ಮನ್ಯಾಗ ಸಣ್ಣ ಮಕ್ಕಳದಾವ. ನಿನ್ನ ಮೈಯಾಗಿನ ಕರೆಂಟು ಅವಕ್ಕ ಹತ್ತೀತು," ಎಂದರು ಅತ್ತೆ.

ಡಾಕ್ಟರ ಮಾತನ್ನು ನನ್ನ ಪಕ್ಕದಲ್ಲೇ ಕೂತು ಕೇಳಿದ್ದ ಗಂಡ ದೊಡ್ಡ ತಾಟಿಗೆ ಕೈ ಹಾಕಿ ಉಣ್ಣತೊಡಗಿದ. ಗಂಟು ಯಾವುದು, ನಾನು ಯಾರು ಎಂಬುದು ಆ ಯಂತ್ರಕ್ಕೆ ತಿಳಿದಿತ್ತು. ಹದಿನೆಂಟು ವರ್ಷ ನನ್ನೊಂದಿಗೆ ಉಂಡವರಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಹಿಟ್ಟಿನ ಪರಾತ ತಂದು ನನ್ನ ಮುಂದಿಟ್ಟರು. "ಜಲ್ದಿ ರೊಟ್ಟಿ ಬಡಿ, ಎಲ್ಲಾರೂ ಹಸದಾರ."

ಅವರ ತಾಟು ಮುಟ್ಟಬಾರದ ಕೈ ಅವರ ಹಿಟ್ಟು ನಾದಬಹುದಂತೆ! ಒಂದೇ ಒಂದು ರೊಟ್ಟಿ ಬಡಿದು ಬೇಯಿಸಿದೆ. ಅದನ್ನು ನನ್ನ ಬೇರೆ ತಾಟಿಗೆ ಹಾಕಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ನಿಧಾನವಾಗಿ ತಿಂದು ಮುಗಿಸಿದೆ.

"ಮತ್ತ ನಮಗ?" ಎಂದ ಗಂಡ.

"ನನ್ನ ಕರೆಂಟು ರೊಟ್ಟಿಗೂ ಹತ್ತತೈತ್ರಿ," ಎಂದೆ. "ನಿಮ್ಮವು ನೀವ ಬಡ್ಕೊಳ್ರಿ."