ಎರಡು ವಾರದ ಜಪಾನಿ ಪಂಡಿತ

ಶ್ರೀಕಂಠ ಯಾವ ವಿದ್ಯೆಗೂ ಎರಡು ವಾರಕ್ಕಿಂತ ಹೆಚ್ಚು ಕೊಟ್ಟವನಲ್ಲ. ಮೈಸೂರಿನಲ್ಲಿ ಗೈಡು ಉರುಹೊಡೆದು ಪಾಸಾದವನು, ಅಮೆರಿಕದ ಸಾಂಟಾ ಕ್ಲಾರಾಕ್ಕೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಹದಿನಾಲ್ಕು ದಿನ ಮೃದಂಗ ತಟ್ಟಿ, ಆಮೇಲೆ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲೇ ಕೂತು, ತಾಳ ತಪ್ಪಿತೆಂದು ಮುಖ ಸಿಂಡರಿಸುತ್ತಿದ್ದ. ಇಂಥವರನ್ನು ಕಂಡರೆ ಮೈಯುರಿಯುತ್ತದೆ.

೧೯೮೫ರಲ್ಲಿ ಅವನ ಚಿಪ್ ಕಂಪನಿಗೆ ಜಪಾನಿನಿಂದ ಒಂದು ತಂಡ ಬರುವುದೆಂದಾಯಿತು. ಅವರೊಡನೆ ವ್ಯವಹರಿಸುವ ಹೊಸ ವಿಭಾಗಕ್ಕೆ ಮುಖ್ಯಸ್ಥ ಬೇಕಿತ್ತು. ತನಗೆ ಜಪಾನಿ ಬರುತ್ತದೆಂದು ಮ್ಯಾನೇಜರಿಗೆ ಹೇಳಿದ ಶ್ರೀಕಂಠ, ಅದೇ ಸಂಜೆ ಕ್ಯಾಸೆಟ್ಟು ಕೊಂಡು, ಕಾರಿನಲ್ಲಿ ಫ್ರೀವೇ ಉದ್ದಕ್ಕೂ ಗಿಳಿಪಾಠ ಒಪ್ಪಿಸತೊಡಗಿದ. ಕನ್ನಡ ಕೂಟದಲ್ಲಂತೂ ಹುದ್ದೆ ಸಿಕ್ಕೇಬಿಟ್ಟಿತೆಂದು ಸಾರಿಯೂ ಬಂದ.

"ಅವ್ರು ತಿರುಗಿ ಏನಾದ್ರೂ ಕೇಳಿದ್ರೆ ಏನ್ರೀ ಮಾಡ್ತೀರಾ?" ಎಂದಳು ಹೆಂಡತಿ ವಸುಧಾ.

"‘ಹಾಯ್’ ಅಂದ್ರಾಯ್ತು ಕಣೇ. ಹೌದು ಅಂತ. ಹೌದು ಅಂದ್ರೆ ಯಾರಿಗೆ ಬೇಜಾರು?"

ತಂಡದ ಹಿರಿಯ ಮೊರಿಶಿತ ಹನ್ನೆರಡು ವರ್ಷ ಕೂತು ಇಂಗ್ಲಿಷ್ ಕಲಿತವರು. ಕೈಕುಲುಕುತ್ತಾ, ತಮ್ಮ ಇಂಗ್ಲಿಷ್ ‘ತ್ಸುಕೆಯಾಕಿಬಾ’ ಎಂದರು. ಮೊಂಡು ಕತ್ತಿಗೆ ಅಂಚು ಮಾತ್ರ ಅಂಟಿಸಿದಂಥ ಅವಸರದ ಕಲಿಕೆಗೆ ಜಪಾನಿಯರು ಹೇಳುವ ಮಾತು ಅದು. ಅವರು ಆಡಿದ್ದು ವಿನಯಕ್ಕೆ. ಅಷ್ಟು ಸೊಗಸಾದ ಇಂಗ್ಲಿಷಿಗೆ ಆ ಹೆಸರೆಂದರೆ ಅದು ಪಾಂಡಿತ್ಯವೇ ಇರಬೇಕೆಂದುಕೊಂಡ ಶ್ರೀಕಂಠ. ಕೇಳಿ ತಿಳಿಯುವ ಜಾಯಮಾನ ಅವನದಲ್ಲವಲ್ಲ! ಮೀಟಿಂಗಿನಲ್ಲಿ ಎದ್ದು ನಿಂತು, ಎದೆಯುಬ್ಬಿಸಿ, ತನ್ನ ಜಪಾನಿಯೂ ತ್ಸುಕೆಯಾಕಿಬಾ ಎಂದು ಘೋಷಿಸಿದ. ಅಷ್ಟು ದೊಡ್ಡ ಸತ್ಯವನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ.

ಅತಿಥಿಗಳು ಇದನ್ನೂ ವಿನಯವೆಂದೇ ಬಗೆದರು. ಮೆಚ್ಚಿ ತಲೆಬಾಗಿ, ಜಪಾನಿಯಲ್ಲೇ ಮಾತು ಶುರುಮಾಡಿದರು. ಶ್ರೀಕಂಠನಿಗೆ ಒಂದಕ್ಷರವೂ ತಿಳಿಯಲಿಲ್ಲ. "ಹಾಯ್" ಎಂದ. ಮೊರಿಶಿತ ಹುಬ್ಬೇರಿಸಿ ಏನೋ ಕೇಳಿದರು. "ಹಾಯ್." ಇನ್ನೊಂದು ಕೇಳಿದರು. ಹಲ್ಲು ಕಿರಿದು ಅದಕ್ಕೂ "ಹಾಯ್" ಎಂದ.

ಏನು ಮಾತಾಯಿತೆಂದು ಮ್ಯಾನೇಜರು ವಿಚಾರಿಸಿದರು.

"ಎಲ್ಲಕ್ಕೂ ಒಪ್ಪಿಗೆಯಾಯಿತು ಸರ್" ಎಂದ ಶ್ರೀಕಂಠ.

"ನಿಜ" ಎಂದರು ಮೊರಿಶಿತ, ಮೆಲ್ಲಗೆ, ಇಂಗ್ಲಿಷಿನಲ್ಲಿ. "ನಮ್ಮ ಮಾತು ನಿಮಗೆ ಅರ್ಥವಾಗುತ್ತಿಲ್ಲ ಅಲ್ಲವೇ ಎಂದು ಇವರನ್ನು ಕೇಳಿದೆ. ಹೌದೆಂದರು. ಹಾಗಾದರೆ ಈ ಕೆಲಸಕ್ಕೆ ಬೇರೆಯವರನ್ನು ಹಾಕಲು ಹೇಳಲೇ ಎಂದು ಕೇಳಿದೆ. ಬಹಳ ಸಂತೋಷದಿಂದ ಹೌದೆಂದರು."